ಕಲ್ಲಷ್ಟೇ ಗೊತ್ತಾಗುವ ಕೈ

ಇಲಾಖೆಯವರು ಮೊದಲು ಅದಕ್ಕೆ ಇಟ್ಟ ಹೆಸರು ‘ಮುಟ್ಟುಮಾಪಕ’. ಉದ್ಘಾಟನೆಯ ಬ್ಯಾನರ್ ಕಟ್ಟಿದ ದಿನ ನಮ್ಮ ಕಚೇರಿಯ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕದ್ದನ್ನು ನೋಡಿ, ಮಧ್ಯಾಹ್ನದೊಳಗೆ ಬ್ಯಾನರ್ ಇಳಿಸಿ ‘ಸ್ಪರ್ಶಮಾಪಕ’ ಎಂದು ಬರೆಸಿಕೊಂಡು ಬಂದರು. ಹೆಸರಿಡುವ ಸಮಿತಿಯಲ್ಲಿ ಒಬ್ಬ ಹೆಂಗಸನ್ನಾದರೂ ಕೂರಿಸಬೇಕಿತ್ತು ಎಂದು ನಾನು ಅಂದೇ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮಷೀನನ್ನು ಬಾಗಲಕೋಟೆಯಲ್ಲಿ ಆರು ವರ್ಷದಿಂದ ನಡೆಸುತ್ತಿರುವ ತಂತ್ರಜ್ಞೆ ನಾನು, ನೀಲಗಂಗಾ.

ಮಷೀನಿನ ಕೆಲಸ ಸರಳ. ಕಾರ್ಖಾನೆಯಲ್ಲಿ ಕೈಗೆ ಪೆಟ್ಟು ಮಾಡಿಕೊಂಡವರು ಬಂದು ಒಂದು ಉಕ್ಕಿನ ಪೆಟ್ಟಿಗೆಯೊಳಗೆ ಕೈಯಿಟ್ಟು ಕೂರಬೇಕು. ಒಳಗೆ ಬೆರಳ ತುದಿಗಳ ಕೆಳಗೆ ಕೃತಕ ಕಲ್ಲಿನ ಪುಟ್ಟ ಬಿಲ್ಲೆಗಳು ಒಂದಾದ ಮೇಲೊಂದು ಸರಿದು ಹೋಗುತ್ತವೆ. ಕೆಲವು ಗಾಜಿನಷ್ಟು ನುಣುಪು, ಕೆಲವು ಪಾಲಿಶ್ ಪೇಪರಿನಷ್ಟು ಒರಟು, ಒಟ್ಟು ನಲವತ್ತು. ಬಿಲ್ಲೆ ಸರಿಯುವ ಸದ್ದು ಕೇಳಬಾರದೆಂದು ಪೆಟ್ಟಿಗೆಯಲ್ಲೊಂದು ಫ್ಯಾನು ಗುಂಯ್ ಎನ್ನುತ್ತಲೇ ಇರುತ್ತದೆ. ತಲೆಗೆ ತಂತಿಯ ಟೊಪ್ಪಿಗೆ. ತಲೆ ಅಲುಗಬಾರದೆಂದು ಮುಂದೊಂದು ಉಕ್ಕಿನ ಪಟ್ಟಿ, ಅದರ ಮೇಲೆ ಗದ್ದ ಊರಬೇಕು.

ಬಾಯಲ್ಲಿ ‘ನುಣುಪು’, ‘ಒರಟು’ ಎಂದು ಹೇಳಿದ್ದನ್ನು ನಾವು ಬರೆದುಕೊಳ್ಳುತ್ತೇವೆ, ಆದರೆ ಲೆಕ್ಕಕ್ಕೆ ಹಿಡಿಯುವುದು ಅದನ್ನಲ್ಲ. ಬಿಲ್ಲೆ ಬದಲಾದದ್ದು ತಿಳಿದೊಡನೆ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಅದನ್ನು ಬೇಕೆಂದು ಎಬ್ಬಿಸಲಾಗದು, ಬೇಡವೆಂದು ತಡೆಯಲೂ ಆಗದು. ಟೊಪ್ಪಿಗೆ ಆ ‘ಗುರುತಿನ ಅಲೆ’ಯನ್ನು ಹಿಡಿಯುತ್ತದೆ. ಅಲೆ ಎದ್ದರೆ ಸ್ಪರ್ಶ ಇದೆ, ಏಳದಿದ್ದರೆ ಇಲ್ಲ.

ಇದು ಬರುವುದಕ್ಕೆ ಮೊದಲು ಪರಿಹಾರದ ಕೇಸುಗಳೆಂದರೆ ಸಂತೆಯ ಹಾಗಿದ್ದವು. ಕಾರ್ಮಿಕರ ಡಾಕ್ಟರು ಕೈ ಸತ್ತಿದೆ ಎಂದು ಬರೆಯುವುದು, ಕಂಪನಿಯ ಡಾಕ್ಟರು ಕೈ ಜಿಗಿದಾಡುತ್ತಿದೆ ಎಂದು ಬರೆಯುವುದು. ಎರಡು ಕಡೆಯವರ ಸುಳ್ಳಿನಿಂದ ಬೇಸತ್ತು ಹೊಸ ಕಾಯ್ದೆ ಮಾಡಿದರು: ಕೈಯ ಚಿಕಿತ್ಸೆ ಬೇಕೋ ಬೇಡವೋ ಎಂಬ ಜಗಳದಲ್ಲಿ ಡಾಕ್ಟರ ಚೀಟಿಗಿಂತ ಮಷೀನಿನ ಚೀಟಿ ದೊಡ್ಡದು. ನನಗೂ ಅದು ಸರಿ ಎನಿಸಿತ್ತು. “ಮೇಡಮ್ಮಾರ, ಸ್ವಲ್ಪ ನೋಡಿ ಬರೀರಿ” ಎಂದು ಯಾರಾದರೂ ರಾಗ ಎಳೆದರೆ, “ನೋಡೋದು ನಾನಲ್ಲ, ಅದು” ಎಂದು ಪೆಟ್ಟಿಗೆ ತೋರಿಸಿ ಕೈ ತೊಳೆದುಕೊಳ್ಳುತ್ತಿದ್ದೆ.

ಹುಸನಪ್ಪ ಬಂಡಿವಡ್ಡರ ಮೊದಲ ಸಲ ಬಂದದ್ದು ಅಪಘಾತವಾದ ಅರವತ್ತನೆಯ ದಿನ. ಇಳಕಲ್ಲಿನ ಕೆಂಪು ಕಲ್ಲಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಪಾಲಿಶ್ ಕೆಲಸ ಮಾಡುತ್ತಿದ್ದವನು. ಹಾಸುಗಲ್ಲು ಜಾರಿ ಬಲಗೈಯ ಮಣಿಕಟ್ಟು ಪಾಲಿಶ್ ಮಷೀನಿನ ಚೌಕಟ್ಟಿಗೆ ಸಿಕ್ಕಿತ್ತು. ಮೂಳೆ ಕೂಡಿತ್ತು, ಬೆರಳು ಮಡಚುತ್ತಿದ್ದವು. ಬೆರಳು ಆಡಿಸುವ ಸ್ನಾಯುಗಳು ಮುಂದೋಳಿನಲ್ಲಿರುವುದರಿಂದ ಅವಕ್ಕೇನೂ ಆಗಿರಲಿಲ್ಲ. ಆದರೆ ಮಣಿಕಟ್ಟಿನೊಳಗೆ ಹಾದು ಬರುವ ಸ್ಪರ್ಶದ ನರ ಜಜ್ಜಿಹೋಗಿದೆ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬರೆದಿದ್ದರು. ಇದಕ್ಕೆ ‘ನರಮೊಳಕೆ’ ಚಿಕಿತ್ಸೆ ಬೇಕು: ಜಜ್ಜಿದ ಭಾಗ ತೆಗೆದು, ಜೀವಕೋಶ ಬಿತ್ತಿದ ಸಣ್ಣ ಕೊಳವೆ ಕೂರಿಸಿದರೆ ನರ ಅದರೊಳಗಿಂದ ಚಿಗುರಿ ದಿನಕ್ಕೆ ಒಂದು ಮಿಲಿಮೀಟರಿನಷ್ಟು ಬೆರಳ ಕಡೆಗೆ ಬೆಳೆಯುತ್ತದೆ. ಒಂದೇ ಷರತ್ತು. ನೂರ ಎಂಬತ್ತು ದಿನದೊಳಗೆ ಆಗಬೇಕು. ಆಮೇಲೆ ಬೆರಳಿನ ಕಡೆಯ ಖಾಲಿ ದಾರಿ ಮುಚ್ಚಿಕೊಂಡುಬಿಡುತ್ತದೆ, ಮೊಳಕೆಗೆ ಹೋಗಲು ಜಾಗವಿರುವುದಿಲ್ಲ.

ಹುಸನಪ್ಪ ಬಾಯಲ್ಲಿದ್ದ ಬೇವಿನ ಕಡ್ಡಿಯನ್ನು ತೆಗೆದು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. ಪೆಟ್ಟಿಗೆಯಲ್ಲಿ ಕೈಯಿಟ್ಟ, ಗದ್ದ ಊರಿದ, ಕಣ್ಣು ಮುಚ್ಚಿದ. ನಲವತ್ತರಲ್ಲಿ ಮೂವತ್ತೆಂಟು ಸರಿ. ಮೂವತ್ತೆಂಟು ಸಲವೂ ಅಲೆ ಮಕ್ಕಳ ಪುಸ್ತಕದ ಗುಡ್ಡಗಳ ಹಾಗೆ ಎದ್ದು ನಿಂತಿತು. ಏಟಾಗದ ನನ್ನ ಕೈಗೆ ಮೂವತ್ತೊಂದರ ಮೇಲೆ ಯಾವತ್ತೂ ಬಂದಿರಲಿಲ್ಲ.

“ಪಾಸಾದ್ನೇನ್ರಿ?” ಎಂದು ಕೇಳಿದ.

“ಪಾಸಾದ್ರಿ,” ಎಂದೆ. ಆತ ಖುಷಿಯಾಗಿ ಎದ್ದು ಹೋದ. ಆ ಪಾಸು ಎಂದರೆ ಚಿಕಿತ್ಸೆ ಇಲ್ಲ ಎಂದು ಆತನಿಗೆ ತಿಳಿದದ್ದು ಎಂಟು ದಿನದ ಮೇಲೆ, ವಿಮಾ ಕಂಪನಿಯ ಪತ್ರ ಬಂದಾಗ.

ಮೇಲ್ಮನವಿ ಹಾಕಿದವಳು ಆತನ ಹೆಂಡತಿ ಕಾಶವ್ವ. ನೂರ ಮೂವತ್ತನೆಯ ದಿನ ಎರಡನೆಯ ಪರೀಕ್ಷೆಗೆ ಗಂಡನನ್ನು ಮುಂದೆ ಮಾಡಿಕೊಂಡು ಬಂದಳು. ನನ್ನ ಟೇಬಲ್ಲಿನ ಮುಂದೆ ನಿಂತವಳೇ ಶುರು ಮಾಡಿದಳು.

“ಅಕ್ಕಾರ, ನಿಮ್ಮ ಮಷೀನಿಗೆ ಕಣ್ಣು ಅದಾವೋ ಇಲ್ಲೋ? ಮೊನ್ನಿ ಕುದಿಯೋ ಚಾದ ಬೋಗಾಣಿ ಬರೇ ಕೈಲೆ ಇಳಿಸಿ, ಹಂಗ ಹಿಡಕೊಂಡು ಮಾತಾಡಕೋತ ನಿಂತಿದ್ರು. ತೊಗಲು ಸುಟ್ಟ ವಾಸನಿ ಬಂದಮ್ಯಾಲೆ ನಾನ ಓಡಿ ಹೋಗಿ ಬಿಡಿಸೀನಿ. ನಾ ಕೈ ಹಿಡದ್ರ ಯಾರು ಹಿಡದಾರ ಅಂತ ತಿರುಗಿ ನೋಡ್ತಾರ. ಇದು ಪಾಸಾದ ಕೈ ಏನ್ರಿ?”

ಬೆರಳುಗಳ ಮೇಲೆ ಗುಳ್ಳೆ ಒಡೆದ ಗುರುತು ಹಸಿಯಾಗೇ ಇತ್ತು. ನಾನು ಹುಸನಪ್ಪನ ಕಡೆ ತಿರುಗಿದೆ. “ಏನ್ರಿ, ನಿಮಗ ಏನನಸ್ತೈತಿ?”

ಆತ ನಾಚಿಕೊಂಡ. “ಕಲ್ಲು ಗೊತ್ತಾಕ್ಕೈತ್ರಿ ಅಕ್ಕಾರ. ಉಳಿದದ್ದು ಗೊತ್ತಾಗಂಗಿಲ್ಲ. ಜೋಮು ಹಿಡದಂಗೈತಿ, ಅಷ್ಟ. ಬಿಡತೈತಿ ತಗೋರಿ.”

“ಏನ ಬಿಡತೈತಿ?” ಎಂದು ಕಾಶವ್ವ ಗದರಿದಳು. “ನಾಕು ತಿಂಗಳ ಜೋಮು ಎಲ್ಲರ ಕೇಳೀರೇನು?”

ಮತ್ತೆ ಮೂವತ್ತೆಂಟು. ಕಾಶವ್ವ ಪರದೆಯನ್ನೂ ಗಂಡನನ್ನೂ ಒಂದಾದ ಮೇಲೊಂದು ನೋಡಿದಳು. ಹೊಡೆಯಬೇಕಾದದ್ದು ಯಾರಿಗೆ ಎಂದು ಅವಳಿಗೆ ತಿಳಿಯಲಿಲ್ಲ. ನನಗೂ ಸಿಟ್ಟು ಬಂತು. ಗಂಡ ಹೆಂಡತಿ ಒಂದು ಮಾತು ಆಡಿಕೊಂಡು ಬರಬಾರದೆ ಎಂದು.

ಈ ಸಲದ ತಿರಸ್ಕಾರದ ಪತ್ರ ಬರೆದದ್ದು ವಿಮಾ ಕಂಪನಿಯ ಗುಡಗುಂಟಿ ಸಾಹೇಬರು. ಕೆಟ್ಟ ಮನುಷ್ಯರೇನಲ್ಲ. ಆದರೆ ವ್ಯಂಗ್ಯ ಬರೆಯುವ ಅವಕಾಶ ಸಿಕ್ಕರೆ ಬಿಡುವವರಲ್ಲ. “ಕಲ್ಲಿನ ಸ್ಪರ್ಶ ಮಾತ್ರ ತಿಳಿಯುತ್ತದೆ, ಬೇರಾವುದೂ ತಿಳಿಯುವುದಿಲ್ಲ ಎಂಬ ಕೈಯನ್ನು ವೈದ್ಯಶಾಸ್ತ್ರ ಈವರೆಗೆ ಕಂಡಿಲ್ಲ. ಅರ್ಜಿದಾರರು ಕೆಲಸಕ್ಕೆ ಮರಳಬಹುದು.” ನಮ್ಮ ಕಚೇರಿಯಲ್ಲಿ ಆ ವಾಕ್ಯವನ್ನು ಓದಿ ಇಬ್ಬರು ನಕ್ಕರು. ಅವರಲ್ಲಿ ಒಬ್ಬಳು ನಾನು.

ಕಾಶವ್ವ ಮೂರನೆಯ ಮತ್ತು ಕೊನೆಯ ಮನವಿ ಹಾಕಿದಳು. ಕೊನೆಯ ಮನವಿಗೆ ಮೊದಲು ತಂತ್ರಜ್ಞರು ಕಾರ್ಮಿಕರ ಮನೆಗೆ ಹೋಗಿ ಅರ್ಧ ದಿನ ಕೂತು, ಆತ ಏನು ಹೇಗೆ ಮಾಡುತ್ತಾನೆ ಎಂದು ನೋಡಿ ವರದಿ ಕೊಡಬೇಕೆಂಬ ನಿಯಮವಿದೆ. ಎಲ್ಲರೂ ಕಚೇರಿಯಲ್ಲೇ ಕೂತು ಬರೆದುಬಿಡುತ್ತಾರೆ. ನಾನು ಹೋದೆ. ನ್ಯಾಯಕ್ಕಾಗಿ ಹೋದೆ ಎಂದರೆ ಸುಳ್ಳಾಗುತ್ತದೆ. ಆ ಹೆಂಗಸಿನ ಬಾಯಿ ಮುಚ್ಚಿಸಲು ಹೋದೆ. ಅದು ನೂರ ಅರವತ್ತನಾಲ್ಕನೆಯ ದಿನ.

ಇಳಕಲ್ಲಿನ ಹೊರಗೆ ಅವರ ಓಣಿ. ಕಾರ್ಖಾನೆ ಬಿಸಾಕಿದ ಚೂರುಗಳಿಂದ ಕಟ್ಟಿದ ಮನೆಗಳು. ಅಂಗಳ, ಹೊಸ್ತಿಲು, ಬಚ್ಚಲು, ಎಲ್ಲವೂ ಕೆಂಪು ಪಾಲಿಶ್ ಕಲ್ಲು. ದೊಡ್ಡ ಊರುಗಳ ಬ್ಯಾಂಕುಗಳಲ್ಲಿ ಇಲ್ಲದಂಥ ನೆಲದ ಮೇಲೆ ಅಲ್ಲಿ ಆಡು ಮಲಗಿದ್ದವು.

ಕಾಶವ್ವ ನನಗೆ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆಂಪಿಂಡಿ ಹಾಕಿ ಕೊಟ್ಟಳು. ತಪಾಸಣೆಗೆ ಬಂದವರು ಉಣ್ಣಬಾರದೆಂದು ನಿಯಮವಿದೆ. ಉಂಡೆ. ಎದುರಿಗೆ ಹುಸನಪ್ಪ ಉಣ್ಣುವುದನ್ನೂ ನೋಡಿದೆ. ಪಲ್ಯ ಬೆರಳಿಗೆ ಹತ್ತಿದೆಯೋ ಇಲ್ಲವೋ ಎಂದು ಪ್ರತಿ ತುತ್ತಿಗೂ ಕೈಯನ್ನು ಕಣ್ಣಿನಿಂದ ನೋಡಿಕೊಂಡು ಎತ್ತುತ್ತಿದ್ದ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಗದ್ದ ಎದೆಗೆ ಒತ್ತಿ, ಬಗ್ಗಿ ನೋಡಿ ಹಾಕಿಕೊಂಡ. ಇಷ್ಟನ್ನು ನಟಿಸುವವನು ನಾಟಕದ ಕಂಪನಿಯಲ್ಲಿರಬೇಕಿತ್ತು. ಹಾಗಾದರೆ ಆ ಮೂವತ್ತೆಂಟು ಎಲ್ಲಿಂದ ಬಂತು?

ಊಟದ ನಂತರ ಆತ ಕಟ್ಟೆಯ ಮೇಲೆ ಬೇವಿನ ಕಡ್ಡಿ ಕಚ್ಚಿಕೊಂಡು ಕೂತಿದ್ದ. ಪಕ್ಕದ ಮನೆಯವರು ಹೊಸ್ತಿಲಿಗೆಂದು ತಂದ ಕಲ್ಲೊಂದನ್ನು ತಂದು ಮುಂದಿಟ್ಟರು. “ಮಾವಾ, ಇದರಾಗ ಏನರ ಐತೇನು ನೋಡು.”

ಹುಸನಪ್ಪ ಬಲಗೈಯನ್ನು ಕಲ್ಲಿನ ಮೇಲೆ ಇಟ್ಟು ಮೆಲ್ಲಗೆ ಸವರಿದ. ಕಣ್ಣು ಮುಚ್ಚಿದ. ಕಡ್ಡಿಯ ಒಂದು ತುದಿ ಹಲ್ಲಿನಲ್ಲಿತ್ತು. ಬಗ್ಗಿದಾಗ ಇನ್ನೊಂದು ತುದಿ ಕಲ್ಲಿನ ಅಂಚಿಗೆ ತಾಗಿ ನಿಂತಿತು. ಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಾ ನಡುವೆ ನಿಂತಿತು.

“ಇಲ್ಲಿ ಕೂದಲ ಐತಿ,” ಎಂದ. ಕಣ್ಣಿಗೆ ಕಾಣದ ಬಿರುಕಿಗೆ ಅವರು ಕೂದಲು ಎನ್ನುತ್ತಾರೆ. “ಹೊಸ್ತಿಲಕ್ಕ ಬ್ಯಾಡ. ಬಚ್ಚಲಕ್ಕ ಹಾಕ್ರಿ.”

ನಾನು ಎದ್ದು ಹತ್ತಿರ ಹೋದೆ. “ಹುಸನಪ್ಪಾರ, ಈ ಕಡ್ಡಿ ಯಾಕ?”

“ಯಾವ ಕಡ್ಡಿ?” ಎಂದ. ನಿಜವಾಗಿಯೂ ಆತನಿಗೆ ಅದರ ನೆನಪಿರಲಿಲ್ಲ. ಆಮೇಲೆ ನಕ್ಕ. “ಓ, ಇದಾ? ಹಳೇ ಚಾಳಿರಿ. ಪಾಲಿಶ್ ಮಾಡಬೇಕಾದ್ರ ಕಲ್ಲಿನ ಮ್ಯಾಲೆ ನೀರು, ರಾಡಿ, ಏನೂ ಕಾಣಂಗಿಲ್ಲ. ಮಷೀನಿನ ಗದ್ಲಕ್ಕ ಕಿವಿ ಕೇಳಂಗಿಲ್ಲ. ನಮ್ಮ ಮೇಸ್ತ್ರಿ ಏನ ಕಲಿಸಿದ್ನಂದ್ರ, ಕಡ್ಡಿ ಕಚ್ಚಿ ಕಲ್ಲಿಗೆ ಇಡು ಅಂತ. ಕಲ್ಲು ಒರಟ ಇದ್ರ ಹಲ್ಲಿನಾಗ ಗರ್ ಅಂತೈತಿ, ನುಣುಪಾಕ್ಕೋತ ಬಂದಂಗ ಸಣ್ಣಾಕ್ಕೋತ ಹೋಗಿ ಸುಮ್ಮನಾಕ್ಕೈತಿ. ಅವಾಗ ಕೈ ಆಡಿಸಿ ನೋಡೋದು. ಈಗೀಗ ಕಡ್ಡೀನೂ ಬೇಕಾಗಿಲ್ರಿ. ಮಷೀನಿನ ಕಬ್ಬಿಣಕ್ಕ ಗದ್ದ ಕೊಟ್ರ ಸಾಕು.”

“ಹಂಗಾರ ಈ ಕೂದಲ ಗೊತ್ತಾಗಿದ್ದು ಕೈಲೋ, ಹಲ್ಲಿಲೋ?”

ಆತ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದ. “ಕೈ ಬ್ಯಾರೆ ಹಲ್ಲು ಬ್ಯಾರೆ ಎಲ್ಲೈತ್ರಿ ಅಕ್ಕಾರ? ಇಪ್ಪತ್ನಾಕು ವರ್ಷ ಆತು. ಎಲ್ಲಾ ಕೂಡಿ ಒಂದ ಆಗೈತಿ.”

ಮಷೀನಿಗೆ ಗದ್ದ ಕೊಟ್ಟರೆ ಸಾಕು. ನಮ್ಮ ಪೆಟ್ಟಿಗೆಯ ಬಿಲ್ಲೆಗಳು ಓಡುವ ಚೌಕಟ್ಟಿಗೂ ಗದ್ದ ಊರುವ ಪಟ್ಟಿಗೂ ಒಂದೇ ಉಕ್ಕು, ಬಿಲ್ಲೆ ಬೆರಳಿಗೆ ಉಜ್ಜಿದ ನಡುಕ ನೇರ ದವಡೆಗೆ ಹೋಗುತ್ತದೆ. ಆ ಪಟ್ಟಿಯ ಮೇಲೆ ಒಂದು ರಬ್ಬರಿನ ದಿಂಡು ಇರಬೇಕಿತ್ತು. ಇತ್ತು ಕೂಡ. ಎರಡು ವರ್ಷದ ಹಿಂದೆ ಅದು ಹರಿದು, ನೂರಾರು ಜನರ ಬೆವರು ಕುಡಿದು ನಾರುತ್ತಿತ್ತು. ಹೊಸದು ಬೇಕೆಂದು ಮೂರು ಸಲ ಬರೆದೆ. ‘ಅಳತೆಗೆ ಸಂಬಂಧಪಡದ ಬಿಡಿಭಾಗ’ ಎಂದು ಖರೀದಿ ವಿಭಾಗ ಉತ್ತರ ಕೊಟ್ಟಿತು. ನಾನು ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ, ಉಕ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೆಲಸ ಮುಂದುವರಿಸಿದೆ. ಅಂದಿನಿಂದ ಪ್ರತಿ ತಿಂಗಳು ‘ಎಲ್ಲ ಬಿಡಿಭಾಗಗಳು ಇವೆ’ ಎಂಬ ಸಾಲಿನ ಮುಂದೆ ಟಿಕ್ ಹಾಕಿ ಸಹಿ ಮಾಡಿದ್ದೆ.

ಬೇರೆ ಯಾರಿಗೂ ಇದರಿಂದ ಏನೂ ಆಗಿರಲಿಕ್ಕಿಲ್ಲ. ಬಟ್ಟೆ ಕಾರ್ಖಾನೆಯವರಿಗೆ, ಸಕ್ಕರೆ ಕಾರ್ಖಾನೆಯವರಿಗೆ ದವಡೆಯಿಂದ ಒರಟು ನುಣುಪು ಓದಲು ಬರುವುದಿಲ್ಲ. ಕಲ್ಲು ಪಾಲಿಶ್ ಮಾಡುವ ಇವರಿಗೆ ಬರುತ್ತದೆ. ಬರುತ್ತದೆ ಎಂದು ಇವರಿಗೇ ಗೊತ್ತಿಲ್ಲ. ಮಿದುಳಿಗೆ ಗುರುತು ಸಿಕ್ಕಿತು, ಅಲೆ ಎದ್ದಿತು. ಯಾವ ಬಾಗಿಲಿನಿಂದ ಬಂದೆ ಎಂದು ಅಲೆಯನ್ನು ಕೇಳುವ ಟೊಪ್ಪಿಗೆ ನಮ್ಮಲ್ಲಿರಲಿಲ್ಲ.

ಹುಸನಪ್ಪನಿಗೆ ಆಗ ಏನೂ ಹೇಳಲಿಲ್ಲ. ಹೇಳಿದರೆ ವಿಚಾರಣೆಯ ದಿನ ಆತನಿಗೆ ಹೇಳಿಕೊಟ್ಟು ಕರೆತಂದಿದ್ದೇನೆ ಎನ್ನುತ್ತಾರೆ. ಬಸ್ಸಿನಲ್ಲಿ ವಾಪಸು ಬರುವಾಗ ಮುಂದಿನ ಸೀಟಿನ ಕಂಬಿಗೆ ಗದ್ದ ಊರಿ ಹಲ್ಲು ಕಚ್ಚಿದೆ. ಎಂಜಿನ್ನಿನ ನಡುಕವೆಲ್ಲ ಬುರುಡೆಯೊಳಗೆ ಬಂದು ಕೂತಿತು. ಗೇರು ಬದಲಾದದ್ದು ಕಿವಿಗಿಂತ ಮೊದಲು ಹಲ್ಲಿಗೆ ತಿಳಿಯಿತು. ಪಕ್ಕದ ಸೀಟಿನ ಮುದುಕಿ “ಹಲ್ಲು ಬ್ಯಾನಿ ಏನವ್ವಾ? ಲವಂಗ ಇಟಗೋ” ಎಂದಳು.

ಕಚೇರಿಯಿಂದ ಹಳೆಯ ರಿಜಿಸ್ಟರು ಎತ್ತಿಕೊಂಡು ಮನೆಗೆ ಬಂದು ತೆಗೆದು ನೋಡಿದೆ. ದಿಂಡು ಕಿತ್ತ ಮೇಲೆ ಕಲ್ಲು ಪಾಲಿಶ್ ಮಾಡುವವರು ಹನ್ನೊಂದು ಜನ ಬಂದಿದ್ದರು. ಹನ್ನೊಂದು ಜನವೂ ಪಾಸು. ಅಂದು ನನಗೆ ಊಟ ಸೇರಲಿಲ್ಲ. “ಏನಾತು?” ಎಂದು ಅವ್ವ ಕೇಳಿದಳು. ಕೆಲಸ ಹೋಗಬಹುದು ಎಂದೆ. ಅವ್ವ “ತಪ್ಪು ಯಾರದು?” ಎಂದಳು. ನನ್ನದು ಎಂದೆ. “ಹಂಗಾರ ಹೇಳಿಬಿಡು. ಮುಚ್ಚಿಟ್ಟದ್ದು ಕೊಳಿತೈತಿ,” ಎಂದು ತಟ್ಟೆ ಎತ್ತಿಕೊಂಡು ಹೋದಳು.

ವಿಚಾರಣೆ ನಡೆದದ್ದು ನೂರ ಎಪ್ಪತ್ತೊಂದನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮ ಕೇಂದ್ರದಲ್ಲೇ. ಪರಿಹಾರ ಅಧಿಕಾರಿ ಸುಭದ್ರಾ ಹಂಚಿನಾಳ ಮೇಡಂ ಕಡಿಮೆ ಮಾತಿನವರು, ಕನ್ನಡಕದ ಮೇಲಿನಿಂದ ನೋಡುವವರು. ಒಂದು ಕಡೆ ಗುಡಗುಂಟಿ ಸಾಹೇಬರು, ಇನ್ನೊಂದು ಕಡೆ ಕಾಶವ್ವ. ಹುಸನಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದಿದ್ದ.

ಮೊದಲು ಇದ್ದ ಹಾಗೇ ಪರೀಕ್ಷೆ ಮಾಡಿದೆ. ಮೂವತ್ತೊಂಬತ್ತು. ಗುಡಗುಂಟಿಯವರು ಕೈ ಚೆಲ್ಲಿ ನಕ್ಕರು. “ಮೇಡಂ, ಈ ಕೈಗೆ ಚಿಕಿತ್ಸಾ ಅಲ್ಲ, ಸನ್ಮಾನ ಮಾಡಬೇಕು.”

ಕಾಶವ್ವ ತಲೆ ತಗ್ಗಿಸಿದಳು. ನಾನು ಹುಸನಪ್ಪನ ಹತ್ತಿರ ಹೋದೆ. “ನಿಮ್ಮ ಟವೆಲ್ ಕೊಡ್ರಿ.” ಅದನ್ನು ನಾಲ್ಕು ಮಡಿಕೆ ಮಾಡಿ ಉಕ್ಕಿನ ಪಟ್ಟಿಯ ಮೇಲೆ ಇಟ್ಟೆ. “ಈಗ ಗದ್ದ ಇಡ್ರಿ. ಹಲ್ಲು ಕಚ್ಚಬ್ಯಾಡ್ರಿ, ಬಾಯಿ ಸಡ್ಲ ಬಿಡ್ರಿ.”

“ಇದ್ಯಾಕ?” ಎಂದರು ಗುಡಗುಂಟಿ.

“ಆಮೇಲೆ ಹೇಳ್ತೀನ್ರಿ,” ಎಂದು ಗುಂಡಿ ಒತ್ತಿದೆ.

ಫ್ಯಾನು ಗುಂಯ್ ಎಂದಿತು. ಮೊದಲ ಬಿಲ್ಲೆ ಹೋಯಿತು, ಎರಡನೆಯದು ಹೋಯಿತು. ಪರದೆಯ ಮೇಲಿನ ಗೆರೆ ತೊಳೆದಿಟ್ಟ ನೆಲದ ಹಾಗೆ ಸಮ ಇತ್ತು. ಮೂರು, ನಾಲ್ಕು, ಐದು. ಹುಸನಪ್ಪ ಕಣ್ಣು ಮುಚ್ಚಿ ಕಾಯುತ್ತಿದ್ದ. ಒಂಬತ್ತು ಬಿಲ್ಲೆ ಹೋದ ಮೇಲೆ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದ.

“ಯಾಕ ಸುಮ್ಮನ ಕುಂತ್ರಿ ಅಕ್ಕಾರ? ಚಾಲೂ ಮಾಡ್ರೆಲಾ.”

ಹತ್ತನೆಯದು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಒರಟು ಬಿಲ್ಲೆ. ಅದೂ ಹೋಯಿತು. “ಕರೆಂಟ್ ಹೋಗೈತೇನು?” ಎಂದ. ಆಮೇಲೆ ಪಕ್ಕದ ಪರದೆಯಲ್ಲಿ ಸಂಖ್ಯೆಗಳು ಬದಲಾಗುತ್ತಿದ್ದುದನ್ನು ಕಂಡ. ಹನ್ನೊಂದು. ಹನ್ನೆರಡು. ಆತ ನಿಧಾನವಾಗಿ ಬಗ್ಗಿ ಪೆಟ್ಟಿಗೆಯ ಬಾಯಲ್ಲಿ ಇಣುಕಿದ. ತನ್ನ ಬೆರಳ ಕೆಳಗೆ ಕಲ್ಲು ಓಡುತ್ತಿರುವುದನ್ನು ಕಣ್ಣಾರೆ ನೋಡಿದ.

“ಕಲ್ಲೂ ಗೊತ್ತಾಗವಲ್ದು,” ಎಂದ. ಯಾರಿಗೂ ಹೇಳಿದ್ದಲ್ಲ.

ಕೇಸು ಗೆಲ್ಲುತ್ತಿರುವುದು ಆತನೇ ಎಂದು ಆ ಕೋಣೆಯಲ್ಲಿ ನನಗೂ ಗುಡಗುಂಟಿಯವರಿಗೂ ಗೊತ್ತಿತ್ತು. ಆತನ ಮುಖ ನೋಡಿದವರು ಯಾರೂ ಹಾಗೆ ಹೇಳುತ್ತಿರಲಿಲ್ಲ. ಐದೂವರೆ ತಿಂಗಳು ಆ ಒಂದು ಮಾತಿನ ಮೇಲೆ ಬದುಕಿದ್ದ, ಕಲ್ಲು ಗೊತ್ತಾಗುತ್ತದೆ ಎಂಬ ಮಾತಿನ ಮೇಲೆ. ಅದನ್ನು ನಾನು ಒಂದು ಟವೆಲ್ಲಿನಿಂದ ಒರೆಸಿ ಹಾಕಿದ್ದೆ. ನನಗೆ ಅಳು ಬಂತು. ಕಾಶವ್ವ ಎದ್ದು ಬಂದು ಗಂಡನ ಬೆನ್ನ ಹಿಂದೆ ನಿಂತಳು. ಈ ಸಲ ಗದರಲಿಲ್ಲ.

ನಲವತ್ತು ಬಿಲ್ಲೆ ಮುಗಿದವು. ಒಂದೂ ಅಲೆ ಇಲ್ಲ.

“ನಾಟಕ ಇದು,” ಎಂದರು ಗುಡಗುಂಟಿ. ಆದರೆ ದನಿಯಲ್ಲಿ ಜೋರಿರಲಿಲ್ಲ.

“ಗುಡಗುಂಟಿಯವರ,” ಎಂದರು ಸುಭದ್ರಾ ಮೇಡಂ, “ಅಲೆ ತಡೆಯಾಕ ಯಾರಿಂದನೂ ಆಗಂಗಿಲ್ಲ ಅಂತ ನಿಮ್ಮ ಕಂಪನಿಯ ಎರಡೂ ಪತ್ರದಾಗ ನೀವ ಬರದೀರಿ. ಮೂವತ್ತೆಂಟು ಬಂದಾಗ ಮಷೀನು ಖರೆ, ಸೊನ್ನಿ ಬಂದಾಗ ನಾಟಕ ಏನು?”

“ಹಂಗಲ್ರಿ. ಟವೆಲ್ ಇಡಬೇಕು ಅಂತ ಎಲ್ಲಿ ನಿಯಮ ಐತಿ?”

ಅಲ್ಲಿಗೆ ನನ್ನ ಸರದಿ ಬಂತು. ಮಷೀನಿನ ಕೈಪಿಡಿ ತೆಗೆದು ಗದ್ದದ ಪಟ್ಟಿಯ ಚಿತ್ರ ತೋರಿಸಿದೆ, ಅದರ ಮೇಲಿದ್ದ ರಬ್ಬರಿನ ದಿಂಡನ್ನು ತೋರಿಸಿದೆ. ನಾನು ಬರೆದ ಮೂರು ಪತ್ರ, ಬಂದ ಉತ್ತರ ಇಟ್ಟೆ. ಬೇವಿನ ಕಡ್ಡಿಯ ಕಥೆ ಹೇಳಿದೆ. ಕೊನೆಗೆ ನಾನು ಟಿಕ್ ಹಾಕಿದ ಇಪ್ಪತ್ನಾಲ್ಕು ಫಾರ್ಮುಗಳನ್ನೂ ಇಟ್ಟೆ. ಮೇಡಂ ಒಂದೊಂದೇ ಹಾಳೆ ತಿರುವಿದರು.

“ಇಂಥವು ಇನ್ನ ಎಷ್ಟು ಅದಾವ ನೀಲಗಂಗಾ?”

“ಇವರನ್ನ ಹಿಡದು ಹನ್ನೊಂದ್ರಿ.”

ಹುಸನಪ್ಪ ನನ್ನನ್ನೇ ನೋಡುತ್ತಿದ್ದ. “ಅಂದ್ರ ಹಲ್ಲಿಲೆ ಕೇಳಿದ್ನೇನ್ರಿ ನಾನು? ಇಷ್ಟು ದಿನ?” ಎಂದ. ಹೌದೆಂದೆ. “ಮೂವತ್ತೊಂಬತ್ತು ಹಲ್ಲಿಲೆ ಹೇಳೀನಿ,” ಎಂದು ಕಾಶವ್ವನ ಕಡೆ ತಿರುಗಿದ. ಅಷ್ಟು ದುಃಖದಲ್ಲೂ ಅದರಲ್ಲಿ ಒಂದು ಚೂರು ಜಂಬ ಇತ್ತು. “ಸಾಕು ಸುಮ್ಮನಿರ್ರಿ,” ಎಂದಳು ಕಾಶವ್ವ, ಕಣ್ಣೊರೆಸಿಕೊಳ್ಳುತ್ತಾ.

ಆದೇಶ ಅಂದೇ ಆಯಿತು. ನೂರ ಎಪ್ಪತ್ತಾರನೆಯ ದಿನ ಹುಬ್ಬಳ್ಳಿಯಲ್ಲಿ ಆತನ ಮಣಿಕಟ್ಟಿಗೆ ಕೊಳವೆ ಕೂರಿಸಿದರು. ನನಗೆ ಮೆಮೊ ಬಂತು, ವಿಚಾರಣೆಯಾಯಿತು, ಒಂದು ಬಡ್ತಿ ಹೋಯಿತು. ಅದೇನೂ ದೊಡ್ಡದಲ್ಲ. ಉಳಿದ ಹತ್ತು ಜನರನ್ನು ಮತ್ತೆ ಕರೆಸಿ, ದಿಂಡು ಹಾಕಿ ಪರೀಕ್ಷೆ ಮಾಡಿದೆ. ಮೂವರ ಕೈ ನಿಜವಾಗಿಯೂ ಸರಿ ಇತ್ತು. ನಾಲ್ವರಿಗೆ ದಿನ ಇನ್ನೂ ಉಳಿದಿತ್ತು. ಮೂವರದು ನೂರ ಎಂಬತ್ತು ದಾಟಿ ಹೋಗಿತ್ತು. ಆ ಮೂವರ ಹೆಸರು ನನಗೆ ಬಾಯಿಪಾಠ ಇದೆ. ಅವರಲ್ಲಿ ಒಬ್ಬರು ಹೋಗುವಾಗ “ಇರಲಿ ಬಿಡ್ರಿ ಅಕ್ಕಾರ, ನಿಮಗೇನು ಗೊತ್ತಿತ್ತು” ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆಮೇಲೆ ಮೊಳಕೆ ದಾರಿ ಹಿಡಿದಿದೆಯೋ ಇಲ್ಲವೋ ಎಂದು ನೋಡಲು ಪ್ರತಿ ತಿಂಗಳು ಹುಸನಪ್ಪ ನಮ್ಮ ಕೇಂದ್ರಕ್ಕೆ ಬರಬೇಕಿತ್ತು. ಒಂದು ತಿಂಗಳು ಸೊನ್ನೆ. ಎರಡು, ಮೂರು, ನಾಲ್ಕು, ಐದು ತಿಂಗಳು, ಎಲ್ಲ ಸೊನ್ನೆ. ದಿನಕ್ಕೊಂದು ಮಿಲಿಮೀಟರು, ಮಣಿಕಟ್ಟಿನಿಂದ ಬೆರಳ ತುದಿ ಒಂದು ಗೇಣಿಗೆ ಹತ್ತಿರ, ಇನ್ನೂ ಕಾಯಬೇಕು ಎಂದು ನಾನು ಲೆಕ್ಕ ಹೇಳುತ್ತಿದ್ದೆ. ಆತ ಕೇಳಿಸಿಕೊಳ್ಳುತ್ತಿದ್ದ. ಕಲ್ಲಿನ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಕಾಶವ್ವ ಬೇವಿನ ಕಡ್ಡಿಯನ್ನೂ ಬಿಡಿಸಿದ್ದಳು. ಆರನೆಯ ತಿಂಗಳು ಆತ ಬರಲೇ ಇಲ್ಲ. ಸೊನ್ನೆ ನೋಡಾಕ ಬಸ್ಸಿನ ಖರ್ಚು ಯಾಕ ಎಂದು ಮನೆಯಲ್ಲೇ ಕೂತನಂತೆ.

ಏಳನೆಯ ತಿಂಗಳು ಕಾಶವ್ವ ಎಳೆದುಕೊಂಡು ಬಂದಳು. ಹೊಸ ರಬ್ಬರಿನ ದಿಂಡು ಬಂದಿತ್ತು. ಆದರೂ ಆತ ಅಭ್ಯಾಸಬಲದಿಂದ ಟವೆಲ್ಲನ್ನೂ ಮಡಚಿ ಅದರ ಮೇಲೆ ಇಟ್ಟು ಗದ್ದ ಊರಿದ. ಮನಸ್ಸಿಲ್ಲದೆ ಪೆಟ್ಟಿಗೆಯೊಳಗೆ ಕೈಯಿಟ್ಟ. ಈಗಿನ ಪರೀಕ್ಷೆ ಒಂದೊಂದೇ ಬೆರಳಿನದು. ತೋರುಬೆರಳಿನ ಕೆಳಗೆ ಮಾತ್ರ ಬಿಲ್ಲೆ ಬಿಟ್ಟೆ. ಮೊದಲು ನುಣುಪಾದದ್ದು, ಗೆರೆ ಸಮ. ಮತ್ತೊಂದು, ಗೆರೆ ಸಮ. ಆಮೇಲೆ ಒರಟಾದದ್ದು.

ಹುಸನಪ್ಪನ ಹುಬ್ಬು ಗಂಟಾಯಿತು.

“ನಡುವಿನ ಬೆರಳಿಗೆ ಏನೋ ಹರದಂಗಾತ್ರಿ,” ಎಂದ. “ಇರುವಿ. ಇಲ್ಲ, ಎಳಿ. ನೂಲಿನ ಎಳಿ. ನುಣ್ಣಗ ಐತಿ. ಹೌದಿಲ್ಲೋ?”

ನಡುಬೆರಳಿನ ಕೆಳಗೆ ಏನೂ ಇರಲಿಲ್ಲ. ಇದ್ದದ್ದು ತೋರುಬೆರಳಿನ ಕೆಳಗೆ, ಅದೂ ಪೆಟ್ಟಿಗೆಯ ಅತಿ ಒರಟು ಬಿಲ್ಲೆ. ಹೊಸದಾಗಿ ಬೆಳೆದ ನರಗಳು ಹೀಗೇ. ಊರಿಗೆ ಹೊಸಬರು ಮನೆ ತಪ್ಪಿ ಪಕ್ಕದ ಬಾಗಿಲು ತಟ್ಟುವಂತೆ ಒಂದು ಬೆರಳಿಗೆ ಹೋಗಬೇಕಾದದ್ದು ಇನ್ನೊಂದಕ್ಕೆ ಹೋಗಿ ಸೇರುತ್ತದೆ. ಒರಟು ನುಣುಪಿನ ವ್ಯತ್ಯಾಸ ಕಲಿಯಲು ಇನ್ನೂ ವರ್ಷ ಬೇಕು. ಆದರೆ ಪರದೆಯ ಮೇಲೆ ಒಂದು ಸಣ್ಣ ಗುಡ್ಡ ಎದ್ದಿತ್ತು. ಮೊದಲಿನ ಮೂವತ್ತೊಂಬತ್ತರ ಪಕ್ಕದಲ್ಲಿ ಇಟ್ಟರೆ ಅದು ಗುಡ್ಡವೂ ಅಲ್ಲ, ದಿಬ್ಬ.

“ಯಾಕ್ರಿ, ಮಾತಾಡವಲ್ರಿ? ತಪ್ಪಾತೇನು?”

“ತಪ್ಪಾತು,” ಎಂದೆ. “ಬೆರಳೂ ತಪ್ಪು, ಕಲ್ಲೂ ತಪ್ಪು. ಎಲ್ಲಾ ತಪ್ಪು ಹುಸನಪ್ಪಾರ.”

ಕಾಶವ್ವ ಪರದೆಯನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಮುಖಕ್ಕೆ ಸೆರಗು ಹಾಕಿಕೊಂಡು ಅತ್ತಳು. ನಾನು ವರದಿಯಲ್ಲಿ ಬರೆದೆ: ಉತ್ತರ ತಪ್ಪು. ಸ್ಪರ್ಶ ಇದೆ.

ಹುಸನಪ್ಪನಿಗೆ ಮಾತ್ರ ಇದ್ಯಾವುದೂ ಬೇಕಿರಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಕಲ್ಲಿನ ವಿಷಯದಲ್ಲಿ ತಪ್ಪು ಹೇಳಿಸಿಕೊಂಡವನಲ್ಲ. ಕೈಯನ್ನು ಪೆಟ್ಟಿಗೆಯಲ್ಲಿ ಸರಿಯಾಗಿ ಊರಿ, ಟವೆಲ್ ಸರಿಪಡಿಸಿಕೊಂಡು, ಕಣ್ಣು ಮುಚ್ಚಿದ.

“ಇನ್ನೊಮ್ಮಿ ಹಾಕ್ರಿ ಅಕ್ಕಾರ,” ಎಂದ. “ಈ ಸಲ ತಪ್ಪಂಗಿಲ್ಲ.”

ಹಾಕಿದೆ. ಮತ್ತೆ ತಪ್ಪು ಹೇಳಿದ.